ಇಂಜಿನ್ ಕೆಲಸ ಮಾಡಿಸಿದ ಹಳೇ ಜೀಪನ್ನು ಶೆಡ್ಡಿನಲ್ಲಿ ಸುಮ್ನೆ ಓಡಿಸಿಡಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಮಳೆ ಹಿಡಿಯಿತು ಅಂದರೆ ನಮ್ಮ ಮಲೆನಾಡಿನ ಗ್ಯಾರೇಜುಗಳಲ್ಲಿ ಹಳೇ ಜೀಪುಗಳ ಇಂಜಿನ್ ಇಳಿಸುವ ಕೆಲಸ ಶುರುವಾಗುತ್ತದೆ. ತೋಟದಲ್ಲಿ ಸಾಗಾಟ ಕಡಿಮೆ ಇರುವ ಕಾಲ ಅದು. ಸಿಲಿಂಡರ್ ಕೊರೆದು ಬೋರ್ ಮಾಡಿಸುವುದು, ಹೊಸ ಪಿಸ್ಟನ್ನು, ಪಿಸ್ಟನ್ ಸುತ್ತ ಕೂರುವ ರಿಂಗು, ಬೇರಿಂಗು ಹಾಕಿಸುವುದು, ಡೀಸೆಲ್ ಚಿಮ್ಮಿಸುವ ಪಂಪು ನಾಜಲ್ಲಿನ ಕೆಲಸ, ಎಲ್ಲ ಮುಗಿಸಿಕೊಂಡು ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರುವಾಗುವ ಹೊತ್ತಿಗೆ ಜೀಪು ಮನೆ ಅಂಗಳದಲ್ಲಿ ಇರಬೇಕು ಅನ್ನುವುದು ಎಲ್ಲರ ಲೆಕ್ಕ. ಆದರೆ ರೋಬಸ್ಟಾ ಕೊಯ್ಲು ಮುಗಿಯುವಷ್ಟರಲ್ಲಿ ಅದೇ ಜೀಪು ನೀಲಿ ಹೊಗೆ ಬಿಡುತ್ತಾ ವಾಪಸ್ ಗ್ಯಾರೇಜಿಗೆ ಬರುತ್ತದೆ. ಆಯಿಲ್ ಕುಡಿಯುತ್ತಿದೆ, ಬ್ಯಾಕ್ ಕಂಪ್ರೆಷನ್ ಇದೆ (ಉರಿದ ಗಾಳಿ ಪಿಸ್ಟನ್ ದಾಟಿ ಕೆಳಗೆ ನುಗ್ಗುತ್ತಿದೆ), ಏರಿನಲ್ಲಿ ಎಳೆಯುವುದಿಲ್ಲ. ಇಷ್ಟೊಂದು ದುಡ್ಡು ಸುರಿದು ಇದೇನಾ ಆಗಿದ್ದು ಅಂತ ಮಾಲೀಕರು ಕೇಳುತ್ತಾರೆ. ಲೇತಿನವನು ಸರಿ ಬೋರ್ ಮಾಡಿಲ್ಲ, ಸಾಮಾನು ಡೂಪ್ಲಿಕೇಟ್, ಡ್ರೈವರ್ ಸರಿ ಇಲ್ಲ, ಹೀಗೆ ಒಬ್ಬರ ಮೇಲೆ ಒಬ್ಬರು ಹಾಕುತ್ತಾರೆ. ಕೆಲವು ಸಲ ಅದು ನಿಜವೂ ಹೌದು. ಆದರೆ ಮೂಡಿಗೆರೆ ಕಡೆ ಬಹಳ ಕಾಲದಿಂದ ಇದೇ ಜೀಪುಗಳ ಇಂಜಿನ್ ಬಿಚ್ಚಿ ಕೂಡಿಸುತ್ತಾ ಬಂದಿರುವ ನನಗೆ ಕಂಡಿದ್ದು ಬೇರೆ. ಹೆಚ್ಚಿನ ಇಂಜಿನ್‌ಗಳು ಕೆಡುವುದು ಕೆಲಸ ಮುಗಿದ ಮೇಲಿನ ಮೊದಲ ಕೆಲವು ಗಂಟೆಗಳಲ್ಲಿ. ಅದೂ ಯಾರೋ ಹಾಳುಗೆಡವಿ ಅಲ್ಲ, ಜಾಸ್ತಿ ಜೋಪಾನ ಮಾಡಿ. ಈ ವಿಷಯ ಜೀಪು ಇಟ್ಟುಕೊಂಡವರಿಗೆ, ಅದಕ್ಕಿಂತ ಹೆಚ್ಚಾಗಿ ಓಡಿಸುವ ಡ್ರೈವರುಗಳಿಗೆ ತಲುಪಲಿ ಅಂತ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಕತ್ತರಿಸದೆ ಹಾಕಿ.

ನಮ್ಮ ಕಡೆ ಇರುವ ಜೀಪುಗಳು ಒಂದೇ ತರಹದವಲ್ಲ. ವಿಲ್ಲಿಸ್ ಕಂಪನಿಯ ಲೈಸೆನ್ಸಿನಲ್ಲಿ ಮಹೀಂದ್ರ ಮಾಡಿದ, ಬಾನೆಟ್ ಎತ್ತರವಾಗಿರುವ ಸಿಜೆ-3ಬಿ ಇವೆ. ಅಮೆರಿಕದಲ್ಲಿ ಈ ಮಾದರಿ 1953ರಲ್ಲಿ ಬಂದು 1968ಕ್ಕೆ ನಿಂತಿತು, ನಮ್ಮಲ್ಲಿ ಆಮೇಲೂ ಎಷ್ಟೋ ವರ್ಷ ತಯಾರಾಯಿತು. ಅದರ ಬಾನೆಟ್ ಅಷ್ಟು ಎತ್ತರ ಇರುವುದೇ ಒಳಗಿನ ಹರಿಕೇನ್ ಪೆಟ್ರೋಲ್ ಇಂಜಿನ್ ಎತ್ತರ ಅನ್ನುವ ಕಾರಣಕ್ಕೆ. 2199 ಸಿಸಿಯ ಆ ಇಂಜಿನ್‌ನಲ್ಲಿ ಇನ್‌ಲೆಟ್ ವಾಲ್ವು ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವು ಬ್ಲಾಕಿನಲ್ಲಿ. ಆಮೇಲೆ ಟ್ರ್ಯಾಕ್ಟರ್ ಮೂಲದ ಇಂಟರ್‌ನ್ಯಾಷನಲ್ ಡೀಸೆಲ್ ಇಂಜಿನ್ ಹಾಕಿದವು ಬಂದವು. 80ರ ದಶಕದಲ್ಲಿ ಫ್ರಾನ್ಸಿನ ಪೂಜೋ ಕಂಪನಿಯ ಡೀಸೆಲ್ ಇಂಜಿನ್ ಬಂತು, 2112 ಸಿಸಿಯದ್ದು. ಮಹೀಂದ್ರದ ಎಂಎಂ 540 ಜೀಪಿನಲ್ಲಿ ಇರುವುದು ಅದೇ. ಪೆಟ್ರೋಲ್ ಜೀಪಿಗೆ ಡೀಸೆಲ್ ಇಂಜಿನ್ ಕೂರಿಸಿಕೊಂಡವು ಲೆಕ್ಕ ಇಲ್ಲದಷ್ಟಿವೆ, ಸೇನೆಯ ಹರಾಜಿನಲ್ಲಿ ತಂದವೂ ಇವೆ. ಇಂಜಿನ್ ಯಾವುದೇ ಇರಲಿ, ಎಲ್ಲವೂ ಎರಕದ ಕಬ್ಬಿಣದ ಬ್ಲಾಕಿನ ಹಳೇ ಕಾಲದ ಗಟ್ಟಿ ಇಂಜಿನ್‌ಗಳು. ಹೊಸ ರಿಂಗು ಕೂರಿಸುವ ಕ್ರಮ ಇವೆಲ್ಲಕ್ಕೂ ಹೆಚ್ಚುಕಡಿಮೆ ಒಂದೇ.

ಮೊದಲು ಒಳಗೆ ಏನಾಗುತ್ತದೆ ಅನ್ನುವುದನ್ನು ಹೇಳುತ್ತೇನೆ, ಅದು ಗೊತ್ತಾದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

ಬೋರ್ ಮಾಡಿದ ಮೇಲೆ ಸಿಲಿಂಡರಿನ ಗೋಡೆಗೆ ಹೋನಿಂಗ್ ಮಾಡುತ್ತಾರೆ, ಅಂದರೆ ಸಾಣೆಕಲ್ಲಿನಿಂದ ಉಜ್ಜುತ್ತಾರೆ. ಹತ್ತಿರದಿಂದ ನೋಡಿದರೆ ಗೋಡೆಯ ತುಂಬಾ ಒಂದನ್ನೊಂದು ಓರೆಯಾಗಿ ದಾಟುವ ಸಣ್ಣ ಸಣ್ಣ ಗೀರು ಕಾಣುತ್ತದೆ. ಆ ಗೀರು ಬೇಕಂತಲೇ ಹಾಕಿದ್ದು. ಗೀರಿನ ತಗ್ಗಿನಲ್ಲಿ ಆಯಿಲ್ ನಿಲ್ಲುತ್ತದೆ, ಗೀರಿನ ಏಣು ಹೊಸ ರಿಂಗನ್ನು ಉಜ್ಜುತ್ತದೆ. ರಿಂಗು ಏಣನ್ನು ಸವೆಸುತ್ತದೆ, ಏಣು ರಿಂಗನ್ನು ಸವೆಸುತ್ತದೆ, ಕೊನೆಗೆ ಎರಡೂ ಒಂದಕ್ಕೊಂದು ಸರಿಯಾಗಿ ಕೂರುತ್ತವೆ. ಹಾಗೆ ಕೂತ ಮೇಲೇ ಕಂಪ್ರೆಷನ್ ಮೇಲೆ ನಿಲ್ಲುವುದು, ಆಯಿಲ್ ಕೆಳಗೆ ನಿಲ್ಲುವುದು.

ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಮಾತೊಂದಿದೆ. ರಿಂಗನ್ನು ಗೋಡೆಗೆ ಒತ್ತಿ ಹಿಡಿಯುವುದು ರಿಂಗಿನ ಸ್ಪ್ರಿಂಗ್ ಶಕ್ತಿ ಮಾತ್ರ ಅಲ್ಲ. ಡೀಸೆಲ್ ಉರಿದಾಗ ಹುಟ್ಟುವ ಒತ್ತಡ ರಿಂಗಿನ ಹಿಂದಿನ ಸಂದಿಗೆ ನುಗ್ಗಿ, ಅದನ್ನು ಹೊರಕ್ಕೆ ನೂಕುತ್ತದೆ. ಇಂಜಿನ್ ಸ್ವಲ್ಪ ಭಾರ ಎಳೆಯುತ್ತಿದ್ದರೆ ಒತ್ತಡ ಜಾಸ್ತಿ, ರಿಂಗು ಚೆನ್ನಾಗಿ ಒತ್ತಿಕೊಳ್ಳುತ್ತದೆ. ಭಾರವೇ ಇಲ್ಲದೆ ಐಡಲ್‌ನಲ್ಲಿ ಗುಡುಗುಡು ಅನ್ನುತ್ತಾ ನಿಂತಿದ್ದರೆ ಒತ್ತಡ ಕಡಿಮೆ. ರಿಂಗು ಗೋಡೆಯ ಮೇಲೆ ಮೆತ್ತಗೆ ಜಾರಾಡುತ್ತದೆ ಅಷ್ಟೇ. ಅದನ್ನು ದಾಟಿ ಮೇಲೆ ಬಂದ ಆಯಿಲ್ ಬಿಸಿಗೆ ಅರೆಬರೆ ಸುಟ್ಟು ವಾರ್ನಿಷ್ ತರಹ ಗೋಡೆಗೆ ಮೆತ್ತಿಕೊಳ್ಳುತ್ತದೆ, ಗೀರುಗಳೆಲ್ಲ ತುಂಬಿಹೋಗುತ್ತವೆ. ಗೋಡೆ ಗಾಜಿನ ಹಾಗೆ ನುಣುಪಾಗುತ್ತದೆ. ಗ್ಲೇಸ್ ಆಗಿದೆ ಅನ್ನುತ್ತೇವಲ್ಲ, ಅದು ಇದೇ. ಗ್ಲೇಸ್ ಗಟ್ಟಿಯಾಗಿ ಕೂತಮೇಲೆ ನೀವು ಎಷ್ಟು ಎಳೆದಾಡಿದರೂ ರಿಂಗು ಕೂರುವುದು ಕಷ್ಟ. ಮತ್ತೆ ಹೆಡ್ ಇಳಿಸಿ, ಪಿಸ್ಟನ್ ತೆಗೆದು, ಹೋನಿಂಗ್ ಮಾಡಿ, ಹೊಸ ರಿಂಗು ಹಾಕಬೇಕು. ಡೀಸೆಲ್ ಇಂಜಿನ್‌ನಲ್ಲಿ ಈ ಕಾಟ ಪೆಟ್ರೋಲಿಗಿಂತ ಜಾಸ್ತಿ, ಯಾಕೆಂದರೆ ಐಡಲ್‌ನಲ್ಲಿ ಡೀಸೆಲ್ ಇಂಜಿನ್ ತಣ್ಣಗೇ ಇರುತ್ತದೆ.

ಈಗ ನಮ್ಮಲ್ಲಿ ನಡೆಯುವುದನ್ನು ನೋಡಿ. ಇಂಜಿನ್ ಕೂಡಿಸಿ ಮುಗಿಯುತ್ತದೆ. ಟೈಟ್ ಇದೆ, ಫ್ರೀ ಆಗಲಿ ಅಂತ ಗ್ಯಾರೇಜಿನಲ್ಲೇ ಸ್ಟಾರ್ಟ್ ಮಾಡಿ ಬಿಡುತ್ತಾರೆ. ಅರ್ಧ ದಿನ, ಕೆಲವರು ಇಡೀ ರಾತ್ರಿ. ಮನೆಗೆ ಬಂದ ಮೇಲೆ ಮಾಲೀಕರೂ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಶೆಡ್ಡಿನಲ್ಲಿ ಓಡಿಸಿಡುತ್ತಾರೆ, ಇಂಜಿನ್ ಪಳಗಲಿ ಅಂತ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ರಿಂಗು ಕೂರಲು ಇರುವ ಒಳ್ಳೆಯ ಸಮಯ ಆ ಮೊದಲ ಗಂಟೆಗಳೇ, ಏಣು ಇನ್ನೂ ಚೂಪಾಗಿರುವಾಗ. ಅದನ್ನು ಶೆಡ್ಡಿನಲ್ಲಿ ಕಳೆದುಬಿಟ್ಟರೆ ಮತ್ತೆ ಸಿಗುವುದಿಲ್ಲ. ಇಂಜಿನ್ ಎಷ್ಟು ಟೈಟ್ ಇದೆ ಅಂದರೆ ಸೆಲ್ಫ್ ತಿರುಗಿಸುತ್ತಿಲ್ಲ, ಇನ್ನೊಂದು ಗಾಡಿಗೆ ಹಗ್ಗ ಕಟ್ಟಿ ಎಳೆಸಿ ಸ್ಟಾರ್ಟ್ ಮಾಡಿದೆವು ಅಂತ ಹೆಮ್ಮೆಯಿಂದ ಹೇಳುವವರೂ ಇದ್ದಾರೆ. ಹೆಮ್ಮೆ ಪಡುವ ವಿಷಯ ಅಲ್ಲ ಅದು. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟು ಕೂರಿಸಿದಾಗ ಒಮ್ಮೆ, ಪ್ರತಿ ಪಿಸ್ಟನ್ ಹಾಕಿದಾಗ ಒಮ್ಮೆ ಕೈಯಿಂದ ತಿರುಗಿಸಿ ನೋಡಬೇಕು. ಹೊಸ ರಿಂಗಿನ ಬಿಗಿ ಇರುತ್ತದೆ, ಆದರೆ ತಿರುಗುವುದು ಒಂದೇ ಸಮ ಇರಬೇಕು. ಎಲ್ಲೋ ಒಂದು ಕಡೆ ಹಿಡಿಯುತ್ತಿದ್ದರೆ ಬೇರಿಂಗ್ ಗ್ಯಾಪೋ ಪಿಸ್ಟನ್ ಗ್ಯಾಪೋ ತಪ್ಪಿದೆ ಅಂತಲೇ ಅರ್ಥ. ಓಡಿಸಿ ಓಡಿಸಿ ಅದನ್ನು ಸರಿ ಮಾಡುತ್ತೇವೆ ಅಂದರೆ ಬೇರಿಂಗ್ ತಿನ್ನುತ್ತದೆ.

ಇನ್ನೊಂದು, 40ರ ಕಟ್ಟಳೆ. ಹೊಸ ಇಂಜಿನ್, 1000 ಕಿಲೋಮೀಟರ್ ಆಗುವವರೆಗೆ ಗಂಟೆಗೆ 40 ಕಿಲೋಮೀಟರಿನ ಮೇಲೆ ಹೋಗಬೇಡಿ ಅಂತ ಪ್ರತಿ ಗ್ಯಾರೇಜಿನಲ್ಲೂ ಹೇಳಿ ಕಳಿಸುತ್ತಾರೆ. ಇಷ್ಟೇ ಹೇಳಿ ಕಳಿಸುತ್ತಾರೆ. ಇಂಜಿನ್‌ಗೆ ರಸ್ತೆಯ ವೇಗ ಗೊತ್ತಾಗುವುದಿಲ್ಲ ಸ್ವಾಮಿ, ಅದಕ್ಕೆ ಗೊತ್ತಿರುವುದು ತಾನು ಎಷ್ಟು ಸುತ್ತು ತಿರುಗುತ್ತಿದ್ದೇನೆ, ಎಷ್ಟು ಭಾರ ಎಳೆಯುತ್ತಿದ್ದೇನೆ ಅನ್ನುವುದು ಮಾತ್ರ. ಸಿಜೆ-3ಬಿಯನ್ನೇ ತಗೊಳ್ಳಿ. ಆಕ್ಸಲ್ ರೇಶಿಯೋ 5.38, ಅಂದರೆ ಟಾಪ್ ಗೇರಿನಲ್ಲಿ ಚಕ್ರ ಒಂದು ಸುತ್ತು ತಿರುಗಲು ಇಂಜಿನ್ 5.38 ಸುತ್ತು. 6.00-16 ಟಯರಿನಲ್ಲಿ ಟಾಪ್ ಗೇರಿನಲ್ಲಿ 60ರಲ್ಲಿ ಹೋಗುತ್ತಿದ್ದರೆ ಇಂಜಿನ್ ನಿಮಿಷಕ್ಕೆ ಸುಮಾರು 2400 ಸುತ್ತು. ಅದೇ ಜೀಪು ಮೂರು ಗೇರಿನ ಬಾಕ್ಸಿನಲ್ಲಿ ಸೆಕೆಂಡ್ ಗೇರಿನಲ್ಲಿ 40ರಲ್ಲಿ ಹೋದರೆ ಸುಮಾರು 2500. 40ರ ಒಳಗೇ ಇದ್ದೇನೆ ಅಂತ ಡ್ರೈವರ್ ಅಂದುಕೊಂಡಿರುತ್ತಾನೆ, ಇಂಜಿನ್ ಮಾತ್ರ 60ಕ್ಕಿಂತ ಜಾಸ್ತಿ ಓಡುತ್ತಿರುತ್ತದೆ. ಇನ್ನು ಫೋರ್ ವೀಲ್ ಹಾಕಿ ಲೋ ಫಸ್ಟಿನಲ್ಲಿ ಏರು ಹತ್ತುವಾಗ? ಟ್ರಾನ್ಸ್‌ಫರ್ ಕೇಸಿನ (ಲೋ ಗೇರು ಹಾಕುವ ಎರಡನೇ ಬಾಕ್ಸು) ಲೋ ರೇಶಿಯೋ 2.46, ಫಸ್ಟ್ ಗೇರಿನದು ಸುಮಾರು 2.8, ಎಲ್ಲ ಗುಣಿಸಿದರೆ ಚಕ್ರ ಒಂದು ಸುತ್ತು ತಿರುಗಲು ಇಂಜಿನ್ 37 ಸುತ್ತು ತಿರುಗಬೇಕು. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ 2800 ಸುತ್ತು ಆಗುತ್ತದೆ. ನಡೆದುಕೊಂಡು ಹೋಗುವವರಿಗಿಂತ ಸ್ವಲ್ಪ ಜೋರು ಅಷ್ಟೇ, ಆದರೆ ಇಂಜಿನ್ ಲೆಕ್ಕದಲ್ಲಿ ಹೈವೇಯಲ್ಲಿ 70ರ ಹತ್ತಿರ ಹೋದ ಹಾಗೆ, ಅದೂ ಪೂರ್ತಿ ಭಾರದಲ್ಲಿ. ಹಾಗಿರುವಾಗ 40 ಅನ್ನುವ ಒಂದೇ ನಂಬರ್ ಹಿಡಿದು ಕೂತರೆ ಏನು ಪ್ರಯೋಜನ? ಟಾಪ್ ಗೇರಿನಲ್ಲಿ 25, 30ರಲ್ಲಿ ಇಂಜಿನ್ ಗುದ್ದುತ್ತಾ ಏರು ಹತ್ತಿಸುವುದು ಇನ್ನೂ ಕೆಟ್ಟದ್ದು, ಬೇರಿಂಗಿಗೆ ಪೆಟ್ಟು ಬೀಳುತ್ತದೆ. 40 ದಾಟಬೇಡಿ ಅಂದ ಮಾತನ್ನು ನಿಯತ್ತಾಗಿ ಪಾಲಿಸುವ ಡ್ರೈವರೇ ಇದನ್ನು ಮಾಡುವುದು.

ಹಾಗಂತ ಮೊದಲ ದಿನವೇ ಎಂಟು ಜನ ಕೂರಿಸಿಕೊಂಡು ಮಾಂದಲಪಟ್ಟಿಗೋ ಕೊಡಚಾದ್ರಿಗೋ ಹತ್ತಿಸಿ ಅಂತ ನಾನು ಹೇಳುತ್ತಿಲ್ಲ. ಅದು ಇನ್ನೊಂದು ತುದಿ. ಬಾಡಿಗೆ ಜೀಪಿನವರಿಗೆ ಗಾಡಿ ನಿಂತರೆ ಸಂಪಾದನೆ ನಿಂತ ಹಾಗೆ, ಸಾಲ ಮಾಡಿ ಇಂಜಿನ್ ಕೆಲಸ ಮಾಡಿಸಿರುತ್ತಾರೆ, ಶನಿವಾರ ಭಾನುವಾರದ ಟ್ರಿಪ್ಪು ಬಿಡಲು ಮನಸ್ಸು ಬರುವುದಿಲ್ಲ. ಅವರ ಕಷ್ಟ ನನಗೆ ಗೊತ್ತು. ಆದರೆ ಲೋ ಗೇರಿನಲ್ಲಿ ಕಡಿದಾದ ಏರು ಹತ್ತುವಾಗ ಗಾಡಿಯ ವೇಗ ಇಲ್ಲ, ರೇಡಿಯೇಟರಿಗೆ ಎದುರುಗಾಳಿ ಇಲ್ಲ, ಫ್ಯಾನ್ ಒಂದೇ ಗತಿ. ರೇಡಿಯೇಟರಿನ ಸಂದಿಗಳಲ್ಲಿ ಹಳೇ ಕೆಸರು ಕೂತಿದ್ದರೆ ಅದೂ ಸಾಲದು. ಅಲ್ಯೂಮಿನಿಯಂ ಪಿಸ್ಟನ್ ಕಬ್ಬಿಣದ ಸಿಲಿಂಡರಿಗಿಂತ ಜಾಸ್ತಿ ಹಿಗ್ಗುತ್ತದೆ. ಹೊಸದಾಗಿ ಕೂಡಿಸಿದ ಇಂಜಿನ್‌ನಲ್ಲಿ ಗ್ಯಾಪ್ ಮೊದಲೇ ಬಿಗಿ, ಉಜ್ಜಾಟದ ಬಿಸಿಯೂ ಜಾಸ್ತಿ. ಪಿಸ್ಟನ್ ಹಿಡಿದುಕೊಂಡರೆ ಅಲ್ಲಿಗೆ ಮುಗಿಯಿತು. ಕಾಫಿ ಮೂಟೆ ತುಂಬಿದ ಟ್ರೈಲರ್ ಕಟ್ಟಿ ಎಳೆಸುವುದೂ ಇದೇ ಲೆಕ್ಕ.

ಸರಿ, ಹಾಗಾದರೆ ಏನು ಮಾಡಬೇಕು? ಕೆಲಸ ಶುರುವಾಗುವುದು ಇಂಜಿನ್ ಕೂಡಿಸುವ ಮೊದಲೇ. ಹೋನಿಂಗ್ ಮಾಡಿದ ಸಿಲಿಂಡರನ್ನು ಡೀಸೆಲ್ಲಿನಲ್ಲಿ ತೊಳೆದು ಗಾಳಿ ಹೊಡೆದು ಕೂಡಿಸುವುದು ನಮ್ಮ ಕಡೆ ರೂಢಿ. ಡೀಸೆಲ್ಲಿಗೆ ಗೀರಿನ ಒಳಗೆ ಕೂತ ಕಲ್ಲಿನ ಪುಡಿ ಹೋಗುವುದಿಲ್ಲ. ಬಿಸಿನೀರು, ಸೋಪಿನ ಪುಡಿ, ಬ್ರಷ್ಷು ತಗೊಂಡು ಪಾತ್ರೆ ತಿಕ್ಕಿದ ಹಾಗೆ ತಿಕ್ಕಬೇಕು. ಆಮೇಲೆ ತಕ್ಷಣ ಒರೆಸಿ ಆಯಿಲ್ ಸವರಬೇಕು, ಇಲ್ಲದಿದ್ದರೆ ನಮ್ಮ ಮಳೆಗಾಲದ ತೇವಕ್ಕೆ ನೋಡನೋಡುತ್ತಲೇ ತುಕ್ಕು ಹಿಡಿಯುತ್ತದೆ. ಆಯಿಲ್ ಹಚ್ಚಿದ ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬೆಳ್ಳಗೇ ಬರಬೇಕು. ಬೂದು ಬಣ್ಣ ಬಂದರೆ ಮತ್ತೆ ತೊಳೆಯಿರಿ. ಆ ಪುಡಿ ಒಳಗೆ ಉಳಿದರೆ ಹೊಸ ರಿಂಗು, ಹೊಸ ಬೇರಿಂಗು ಎರಡನ್ನೂ ತಿನ್ನುತ್ತದೆ. ನೀವು ಮಾಲೀಕರಾಗಿದ್ದರೆ ಆ ದಿನ ಗ್ಯಾರೇಜಿಗೆ ಹೋಗಿ ಬಿಳಿ ಬಟ್ಟೆ ಕೇಳಿ. ಮೆಕ್ಯಾನಿಕ್ ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಮೊದಲ ಸ್ಟಾರ್ಟಿಗೆ ಮುಂಚೆ ಆಯಿಲ್ ಪ್ರೆಶರ್ ಬರಿಸಬೇಕು. ಡೀಸೆಲ್ ಆದರೆ ಸ್ಟಾಪ್ ನಾಬ್ ಎಳೆದು ಹಿಡಿದು, ಪೆಟ್ರೋಲ್ ಆದರೆ ಪ್ಲಗ್ ಬಿಚ್ಚಿ, ಸೆಲ್ಫ್ ಹೊಡೆಯಿರಿ. ಹತ್ತು ಸೆಕೆಂಡು ಹೊಡೆದು ಬಿಡಿ, ಸೆಲ್ಫ್ ಮೋಟರು ತಣಿಯಲಿ, ಮತ್ತೆ ಹೊಡೆಯಿರಿ. ಮೀಟರಿನಲ್ಲಿ ಆಯಿಲ್ ಪ್ರೆಶರ್ ಮುಳ್ಳು ಏಳುವವರೆಗೆ ಇಂಜಿನ್ ಹೊತ್ತಿಸಬೇಡಿ. ಮುಳ್ಳೇ ಕೆಲಸ ಮಾಡದ ಜೀಪು ಎಷ್ಟೋ ಇವೆ, ಇಂಜಿನ್‌ಗೆ ಅಷ್ಟು ಖರ್ಚು ಮಾಡುವವರು ಒಂದು ಮೀಟರ್ ಹಾಕಿಸಿಕೊಳ್ಳಬಾರದೇ? ರೇಡಿಯೇಟರ್ ತುಂಬಿರಲಿ, ಡೀಸೆಲ್ ಲೈನಿನ ಏರ್ ಪೂರ್ತಿ ತೆಗೆದಿರಲಿ. ಸ್ಟಾರ್ಟ್ ಆಯಿತು, ನಿಂತಿತು, ಮತ್ತೆ ಸ್ಟಾರ್ಟ್, ಈ ಆಟ ಹೊಸ ಇಂಜಿನ್‌ಗೆ ಬೇಡವೇ ಬೇಡ.

ವಾಲ್ವು ಎತ್ತುವ ಕ್ಯಾಮ್ ಶಾಫ್ಟು, ಟ್ಯಾಪೆಟ್ ಹೊಸದು ಹಾಕಿದ್ದರೆ ಸ್ಟಾರ್ಟ್ ಆದ ಕೂಡಲೇ ರೇಸ್ ಏರಿಸಿ 1500ರಿಂದ 2000 ಸುತ್ತಿನ ನಡುವೆ ಒಂದು 20 ನಿಮಿಷ ಹಿಡಿಯಬೇಕು. ಆಗಾಗ ಸ್ವಲ್ಪ ಏರಿಸಿ ಇಳಿಸುತ್ತಿರಬೇಕು. ಕ್ಯಾಮಿನ ಮೇಲೆ ಆಯಿಲ್ ಬೀಳುವುದು ಮುಖ್ಯವಾಗಿ ಕ್ರ್ಯಾಂಕ್ ತಿರುಗುವಾಗ ಎರಚುವುದರಿಂದ. ಐಡಲ್‌ನಲ್ಲಿ ಆ ಎರಚಾಟ ಸಾಲುವುದಿಲ್ಲ. ಹಳೇ ಕ್ಯಾಮು, ಹಳೇ ಟ್ಯಾಪೆಟ್ಟು ಅದೇ ಅದೇ ಜಾಗಕ್ಕೆ ಹಾಕಿದ್ದರೆ ಇದೂ ಬೇಕಿಲ್ಲ. ಸೋರಿಕೆ ನೋಡಿ, ಪ್ರೆಶರ್ ನೋಡಿ, ಬಿಸಿ ನೋಡಿ, ಆಫ್ ಮಾಡಿ. ತಣಿದ ಮೇಲೆ ನೀರು, ಆಯಿಲ್ ಮತ್ತೆ ನೋಡಿ. ಅಲ್ಲಿಗೆ ಗ್ಯಾರೇಜಿನ ಕೆಲಸ ಮುಗಿಯಿತು, ಇನ್ನು ರಸ್ತೆಗೆ ಇಳಿಯಿರಿ.

ಯಾವ ರಸ್ತೆ? ನಾನು ನಮ್ಮ ಕಡೆಯವರಿಗೆ ಬೇಲೂರು, ಚಿಕ್ಕಮಗಳೂರು ನಡುವಿನ ರಸ್ತೆ ಹೇಳುತ್ತೇನೆ. ಚಾರ್ಮಾಡಿ ಘಾಟಿ ಬೇಡ, ಒಂದೇ ಸಮ ಏರು, ಒಂದೇ ಸಮ ಇಳಿಜಾರು. ಹಾಸನ ಬೆಂಗಳೂರು ಹೈವೇಯೂ ಬೇಡ, ಅಲ್ಲಿ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹೋಗುವುದಾಗುತ್ತದೆ. ಸಣ್ಣ ಏರು, ಸಣ್ಣ ಇಳಿಜಾರು ಬರುತ್ತಿರುವ ರಸ್ತೆ ಇರಲಿ. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಮೂರನೇ ಗೇರಿನಲ್ಲಿ 30ರಿಂದ ಆಕ್ಸಿಲರೇಟರ್ ಒತ್ತಿ, ಪೂರ್ತಿ ಅಲ್ಲ, ಮುಕ್ಕಾಲು ಒತ್ತಿ, 50ರವರೆಗೆ ಎಳೆಯಲು ಬಿಡಿ. ಆಮೇಲೆ ಕಾಲು ಪೂರ್ತಿ ತೆಗೆದು, ಕ್ಲಚ್ ಒತ್ತದೆ, ಗೇರಿನಲ್ಲೇ 30ಕ್ಕೆ ಇಳಿಯಲು ಬಿಡಿ. ಮತ್ತೆ ಎಳೆಸಿ, ಮತ್ತೆ ಬಿಡಿ. ಹಿಂದೆ ಬಸ್ಸು ಲಾರಿ ಇಲ್ಲದಾಗ ಮಾಡಿ ಅನ್ನುವುದು ಬೇರೆ ಹೇಳಬೇಕಿಲ್ಲ. ಎಳೆಯುವಾಗ ರಿಂಗಿನ ಹಿಂದೆ ಒತ್ತಡ ಬಿದ್ದು ಗೋಡೆಗೆ ಕೂರುತ್ತದೆ, ಬಿಟ್ಟಾಗ ಬಿಸಿ ಇಳಿಯುತ್ತದೆ, ಸವೆದ ಪುಡಿ ಆಯಿಲ್ ಜೊತೆ ತೊಳೆದುಹೋಗುತ್ತದೆ. ಮೊದಲ 100 ಕಿಲೋಮೀಟರ್ ಹೀಗೆ ಓಡಿಸಿದ ಜೀಪಿನ ಎಳೆತ ಬದಲಾಗಿದ್ದು ಡ್ರೈವರಿಗೇ ಗೊತ್ತಾಗುತ್ತದೆ. ಅಲ್ಲಿಂದ 500ರವರೆಗೆ ಖಾಲಿ ಜೀಪು ಅಥವಾ ಇಬ್ಬರು ಮೂವರು, ವೇಗ ಆಗಾಗ ಬದಲಿಸುತ್ತಾ. 500 ದಾಟಿದ ಮೇಲೆ ಸ್ವಲ್ಪ ಸ್ವಲ್ಪ ಲೋಡು. 1000 ಆಗುವವರೆಗೆ ಟ್ರೈಲರ್, ಲೋ ಗೇರಿನ ಉದ್ದ ಏರು ಬೇಡ. ತೋಟದಿಂದ ಅಂಗಡಿಗೆ ಎರಡು ಕಿಲೋಮೀಟರ್ ಹೋಗಿ ಬರುವುದನ್ನೇ ಲೆಕ್ಕ ಹಾಕಿ 1000 ಮಾಡಬೇಡಿ, ಇಂಜಿನ್ ಬಿಸಿಯೇ ಆಗಿರುವುದಿಲ್ಲ. ಮೀಟರ್ ಕೇಬಲ್ ತುಂಡಾಗಿದ್ದರೆ ಮೊದಲು ಅದನ್ನು ಹಾಕಿಸಿ.

ಬಿಸಿಯ ಮಾತು ಬಂತಲ್ಲ, ಇಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದೆ ತಡೆಯುವ ಥರ್ಮೋಸ್ಟಾಟ್ ಬಗ್ಗೆ ನನಗೆ ಬಹಳ ಬೇಜಾರಿದೆ. ನಮ್ಮ ಕಡೆ ಜೀಪಿನ ಥರ್ಮೋಸ್ಟಾಟ್ ಕಿತ್ತು ಬಿಸಾಡುವುದು ಒಂದು ಪದ್ಧತಿ ಆಗಿಬಿಟ್ಟಿದೆ, ನಮ್ಮ ದೇಶಕ್ಕೆ ಅದು ಬೇಡ, ಇಂಜಿನ್ ಹೀಟ್ ಆಗುತ್ತೆ ಅಂತಾರೆ. ಜುಲೈ ತಿಂಗಳಲ್ಲಿ ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆಯ ಚಳಿಮಳೆಯಲ್ಲಿ ಥರ್ಮೋಸ್ಟಾಟ್ ಇಲ್ಲದ ಡೀಸೆಲ್ ಜೀಪು ಓಡಿಸಿ ನೋಡಿ, ಬಿಸಿ ತೋರಿಸುವ ಮುಳ್ಳು ಮೇಲೇ ಏಳುವುದಿಲ್ಲ. ಸಿಲಿಂಡರ್ ಗೋಡೆ ತಣ್ಣಗಿದ್ದರೆ ಡೀಸೆಲ್ ಪೂರ್ತಿ ಉರಿಯದೆ ಗೋಡೆಯ ಆಯಿಲ್ ತೊಳೆದುಕೊಂಡು ಕೆಳಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕಡಿಮೆ ಆಗುವ ಬದಲು ಜಾಸ್ತಿ ಆಗಿದ್ದರೆ, ಮೂಸಿ ನೋಡಿದಾಗ ಡೀಸೆಲ್ ವಾಸನೆ ಬಂದರೆ ಖುಷಿ ಪಡಬೇಡಿ, ಒಳಗೆ ಡೀಸೆಲ್ ಸೇರುತ್ತಿದೆ. ನಾಜಲ್ ಸೋರಿದರೂ ಹೀಗೇ ಆಗುತ್ತದೆ, ಎಳೆತ ಬರಲಿ ಅಂತ ಪಂಪಿನಲ್ಲಿ ಡೀಸೆಲ್ ಜಾಸ್ತಿ ಮಾಡಿಸಿದರೂ ಹೀಗೇ. ಅದಕ್ಕೇ ಇಂಜಿನ್ ಇಳಿಸಿದಾಗ ಪಂಪು, ನಾಜಲ್ಲನ್ನೂ ಬೆಂಚಿನ ಮೇಲೆ ಟೆಸ್ಟ್ ಮಾಡಿಸಿ ಅನ್ನುವುದು. ಇಂಜಿನ್ ಹೀಟ್ ಆಗುತ್ತಿದ್ದರೆ ರೇಡಿಯೇಟರ್ ಕಟ್ಟಿದೆ, ಇಲ್ಲವೇ ವಾಟರ್ ಪಂಪ್ ಸವೆದಿದೆ, ಅದನ್ನು ಸರಿ ಮಾಡಿಸಿ. ಥರ್ಮೋಸ್ಟಾಟ್ ವಾಪಸ್ ಹಾಕಿಸಿ.

ಮಳೆ ನಿಂತ ಮೇಲಿನ ಶತ್ರು ಧೂಳು. ಡಿಸೆಂಬರಿನಿಂದ ನಮ್ಮ ಮಣ್ಣಿನ ರಸ್ತೆಗಳ ಕೆಂಪು ಧೂಳು ನೋಡಿದ್ದೀರಲ್ಲ, ಏರ್ ಕ್ಲೀನರಿನಿಂದ ಇಂಜಿನ್‌ಗೆ ಹೋಗುವ ರಬ್ಬರ್ ಹೋಸಿನಲ್ಲಿ ಒಂದು ಸಣ್ಣ ಸೀಳಿದ್ದರೆ ಸಾಕು, ಎಷ್ಟು ಚೆನ್ನಾಗಿ ರಿಂಗು ಕೂರಿಸಿದ್ದರೂ ಒಂದೇ ಬೇಸಿಗೆಗೆ ಸವೆದುಹೋಗುತ್ತದೆ. ಹಳೇ ಜೀಪುಗಳದ್ದು ಆಯಿಲ್ ಬಾತ್ ಏರ್ ಕ್ಲೀನರ್. ತಳದ ಬಟ್ಟಲಿನಲ್ಲಿ ಗುರುತಿನವರೆಗೆ ಆಯಿಲ್ ಇರಬೇಕು, ಕೆಳಗೆ ಕೆಸರು ಕೂತಿದ್ದರೆ ತೊಳೆದು ಹೊಸದು ಹಾಕಬೇಕು. ಇಂಜಿನ್ ಕೆಲಸಕ್ಕೆ ಅಷ್ಟು ಖರ್ಚು ಮಾಡಿದವರು ಹಳೇ ಹೋಸನ್ನೇ ಟೇಪು ಸುತ್ತಿ ವಾಪಸ್ ಹಾಕಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಬಹಳ ನೋವಾಗುತ್ತದೆ.

ಆಯಿಲ್ ಯಾವುದು ಅಂತ ಎಲ್ಲರೂ ಕೇಳುತ್ತಾರೆ. ಮೊದಲ 1000 ಕಿಲೋಮೀಟರಿಗೆ ಸಾದಾ ಮಿನರಲ್ ಆಯಿಲ್, 15ಡಬ್ಲ್ಯೂ-40 ಅಥವಾ 20ಡಬ್ಲ್ಯೂ-40 ಸಾಕು. ದುಬಾರಿ ಸಿಂಥೆಟಿಕ್ ಬೇಡ. ರಿಂಗು ಕೂರಲು ಸ್ವಲ್ಪ ಉಜ್ಜಾಟ ಬೇಕು, ಅದನ್ನೇ ತಪ್ಪಿಸುವಷ್ಟು ಜಾರುವ ಆಯಿಲ್ ಈ ಹಂತಕ್ಕೆ ಸರಿಯಲ್ಲ. ಮೊದಲ ಆಯಿಲ್ಲನ್ನು 100 ಕಿಲೋಮೀಟರಿನ ಒಳಗೇ ಇಳಿಸಿ, ಫಿಲ್ಟರ್ ಸಮೇತ ಬದಲಾಯಿಸಿ. ಆಮೇಲೆ 500ಕ್ಕೆ, ಆಮೇಲೆ 1000ಕ್ಕೆ. ಹೊಸ ಆಯಿಲ್ ಯಾಕೆ ಚೆಲ್ಲಬೇಕು ಅಂತ ಅನಿಸುತ್ತದೆ, ಆದರೆ ಸವೆದ ಲೋಹವೆಲ್ಲ ಅದರಲ್ಲೇ ಇರುತ್ತದೆ. ಇಳಿಸಿದ ಆಯಿಲ್ಲನ್ನು ಬಿಳಿ ಬಟ್ಟೆಯ ಮೇಲೆ ಸುರಿದು ಬಿಸಿಲಿಗೆ ಹಿಡಿದು ನೋಡಿ. ಬೂದು ಬಣ್ಣದ ಸಣ್ಣ ಮಿನುಗು ಇದ್ದೇ ಇರುತ್ತದೆ, ಹೆದರಬೇಡಿ. ಕಣ್ಣಿಗೆ ಕಾಣುವ ಚೂರು, ತಾಮ್ರದ ಬಣ್ಣದ ಹೊಳಪು ಕಂಡರೆ ಬೇರಿಂಗ್ ಹೋಗುತ್ತಿದೆ, ಗಾಡಿ ಅಲ್ಲೇ ನಿಲ್ಲಿಸಿ. ಪ್ರತಿ ಬೆಳಿಗ್ಗೆ ಡಿಪ್‌ಸ್ಟಿಕ್ ನೋಡಿ, ಎಷ್ಟು ಕಿಲೋಮೀಟರಿಗೆ ಎಷ್ಟು ಆಯಿಲ್ ಹಾಕಿದಿರಿ ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಮೊದಲು ಸ್ವಲ್ಪ ಕುಡಿಯುತ್ತದೆ. ಕುಡಿಯುವುದು ಕಡಿಮೆ ಆಗುತ್ತಾ ಬಂದು ಒಂದು ಮಟ್ಟದಲ್ಲಿ ನಿಂತಿತು ಅಂದರೆ ರಿಂಗು ಕೂತಿದೆ.

500 ಕಿಲೋಮೀಟರ್ ಆದಾಗ ಟ್ಯಾಪೆಟ್ ಗ್ಯಾಪ್ ಮತ್ತೆ ನೋಡಿಸಿ. ಹರಿಕೇನ್ ಇಂಜಿನ್‌ನಲ್ಲಿ ಮೇಲಿನ ಕವರ್ ತೆಗೆದು ಇನ್‌ಲೆಟ್ ಮಾತ್ರ ಸೆಟ್ ಮಾಡಿ ಕಳಿಸುವವರಿದ್ದಾರೆ, ಪಕ್ಕದ ಕವರ್ ತೆಗೆದು ಎಕ್ಸಾಸ್ಟ್ ಕೂಡ ನೋಡಬೇಕು. ಹಳೇ ಮಾದರಿಯ ಹೆಡ್ ಗ್ಯಾಸ್ಕೆಟ್ ಹಾಕಿದ್ದರೆ ಹೆಡ್ ಬೋಲ್ಟುಗಳನ್ನೂ ಟಾರ್ಕ್ ರೆಂಚಿನಲ್ಲಿ ಇನ್ನೊಮ್ಮೆ ಬಿಗಿ ಮಾಡಿಸಿ. ಅಂದಾಜಿನಲ್ಲಿ ಬೇಡ.

ಈಗಿನ ಕಾರಿಗೆ ಇದೆಲ್ಲ ಏನೂ ಹೇಳುವುದಿಲ್ಲವಲ್ಲ ಅಂತ ಹುಡುಗರು ಕೇಳುತ್ತಾರೆ. ಹೊಸ ಕಾರುಗಳ ಸಿಲಿಂಡರನ್ನು ಕಾರ್ಖಾನೆಯಲ್ಲೇ ಏಣು ಸವೆಸಿ ಮುಗಿಸಿರುತ್ತಾರೆ, ಅಳತೆಯೂ ಬಹಳ ನಿಖರ. ನಮ್ಮ ಊರಿನ ಲೇತಿನಲ್ಲಿ ಬೋರ್ ಆದ ಹಳೇ ಕಾಲದ ವಿನ್ಯಾಸದ ಇಂಜಿನ್‌ಗೆ ಶೋರೂಮಿನ ಮಾತು ಅನ್ವಯಿಸುವುದಿಲ್ಲ. ಮೊದಲ ದಿನದಿಂದಲೇ ಪೂರ್ತಿ ತುಳಿದು ಓಡಿಸಿ ಅನ್ನುವವರೂ ಇದ್ದಾರೆ, ರೇಸಿಂಗ್ ಇಂಜಿನ್‌ಗೆ ಅದು ಸರಿ ಇರಬಹುದು, ಇನ್ನು ಇಪ್ಪತ್ತು ವರ್ಷ ತೋಟದಲ್ಲಿ ಬಾಳಬೇಕಾದ ಜೀಪಿಗೆ ನಾನಂತೂ ಒಪ್ಪುವುದಿಲ್ಲ.

ಈ ಪತ್ರ ಬರೆಯಲು ನಿಜವಾದ ಕಾರಣ ಡ್ರೈವರುಗಳು. ಇಂಜಿನ್ ಕೆಲಸದ ಮಾತುಕತೆ ಎಲ್ಲ ನಡೆಯುವುದು ಮೆಕ್ಯಾನಿಕ್ ಮತ್ತು ಮಾಲೀಕರ ನಡುವೆ. ಗಾಡಿ ಓಡಿಸುವವನು ಹೊರಗೆ ಟೀ ಕುಡಿಯುತ್ತಾ ನಿಂತಿರುತ್ತಾನೆ. ಅವನ ಕೈಗೆ ಕೀ ಕೊಟ್ಟು, ನಿಧಾನಕ್ಕೆ ಹೋಗಪ್ಪ, 40 ದಾಟಬೇಡ ಅಂತಾರೆ. ಆರು ತಿಂಗಳಿಗೆ ಹೊಗೆ ಬಂದರೆ ಬೈಗುಳ ಅವನಿಗೆ, ಕೆಲವು ಕಡೆ ಕೆಲಸವೂ ಹೋಗುತ್ತದೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡಿದವನು ಅವನು. ಅದು ಅನ್ಯಾಯ ಅಲ್ವಾ? 15 ವರ್ಷ ದಾಟಿದ ಸ್ವಂತ ಬಳಕೆಯ ಗಾಡಿಯ ಆರ್‌ಸಿಯನ್ನು ಐದೈದು ವರ್ಷಕ್ಕೆ ಹೊಸದು ಮಾಡಿಸಬೇಕು, ಹೊಗೆ ತಪಾಸಣೆ ಪಾಸಾಗಬೇಕು. ಹೊಗೆ ಉಗುಳುವ ಜೀಪು ಅಲ್ಲೂ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಒಳ್ಳೆಯ ಹಳೇ ಜೀಪು ಗುಜರಿಗೆ ಹೋಗುತ್ತದೆ. ಹಾಗೆ ಹೋದವನ್ನು ನಾನು ನೋಡಿದ್ದೇನೆ, ಬ್ಲಾಕು ಕ್ರ್ಯಾಂಕು ಎಲ್ಲ ಗಟ್ಟಿಯಾಗೇ ಇದ್ದವು.

ಆದ್ದರಿಂದ ನನ್ನ ಸಹ ಮೆಕ್ಯಾನಿಕ್‌ಗಳಲ್ಲಿ, ಗ್ಯಾರೇಜ್ ಮಾಲೀಕರಲ್ಲಿ ಒಂದು ಕೇಳಿಕೆ. ಇಂಜಿನ್ ಕೆಲಸ ಮಾಡಿದ ಬಿಲ್ಲಿನ ಜೊತೆ ಕನ್ನಡದಲ್ಲಿ ಬರೆದ ಒಂದು ಹಾಳೆ ಕೊಡಿ. ಯಾವ ಆಯಿಲ್ ಹಾಕಿದ್ದೀರಿ, ಯಾವ ಕಿಲೋಮೀಟರಿಗೆ ಬದಲಾಯಿಸಬೇಕು, ಯಾವ ಗೇರಿನಲ್ಲಿ ಎಷ್ಟರಿಂದ ಎಷ್ಟರವರೆಗೆ ಓಡಿಸಬೇಕು, ಯಾವಾಗ ಲೋಡ್ ಹಾಕಬಹುದು, ಟ್ಯಾಪೆಟ್ಟಿಗೆ ಯಾವಾಗ ಬರಬೇಕು. ಇಷ್ಟು ಸಾಕು. ಅದನ್ನು ಮಾಲೀಕರ ಜೇಬಿಗಲ್ಲ, ಡ್ರೈವರ್ ಕೈಗೆ ಕೊಡಿ, ಓದಿ ಹೇಳಿ, ಆಗುವುದಾದರೆ ಮೊದಲ ದಿನ ಅವನ ಪಕ್ಕ ಕೂತು ಒಂದು ಸುತ್ತು ಹೋಗಿಬನ್ನಿ. ನಾನು ನನ್ನ ಗ್ಯಾರೇಜಿನಲ್ಲಿ ಹಾಳೆ ಕೊಡುತ್ತಿದ್ದೇನೆ, ಡ್ರೈವರುಗಳು ಅದನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿಕೊಂಡು ಓಡಿಸುತ್ತಾರೆ. ನಮ್ಮ ಐಟಿಐಗಳಲ್ಲಿ ಮೋಟಾರ್ ಮೆಕ್ಯಾನಿಕ್ ಕಲಿಯುವ ಮಕ್ಕಳಿಗೂ ಇಂಜಿನ್ ಕೂಡಿಸುವುದನ್ನು ಕಲಿಸಿ ಅಲ್ಲಿಗೇ ಬಿಡದೆ, ಆಮೇಲಿನ ಈ 1000 ಕಿಲೋಮೀಟರನ್ನೂ ಕನ್ನಡದಲ್ಲಿ ಕಲಿಸಿದರೆ ಚೆನ್ನಾಗಿರುತ್ತದೆ.

ಸಂಪಾದಕರೇ, ಈಗ ಗ್ಯಾರೇಜುಗಳಲ್ಲಿ ಇಂಜಿನ್ ಬಿಚ್ಚಿಟ್ಟುಕೊಂಡಿರುವ ಸಮಯ. ಕೊಯ್ಲು ಶುರುವಾಗುವ ಮುಂಚೆ ಇದನ್ನು ಪ್ರಕಟಿಸಿದರೆ ಈ ವರ್ಷವೇ ಕೆಲವು ಜೀಪುಗಳಿಗೆ ಉಪಯೋಗವಾಗುತ್ತದೆ. ಬೇರೆ ಅನುಭವ ಇರುವ ಮೆಕ್ಯಾನಿಕ್‌ಗಳು, ಡ್ರೈವರುಗಳು ಬರೆದರೆ ಅದನ್ನೂ ಹಾಕಿ, ನಾನು ಓದಲು ಕಾದಿರುತ್ತೇನೆ.

ಇಂತಿ ತಮ್ಮ ಓದುಗ,
ಒಬ್ಬ ಜೀಪ್ ಮೆಕ್ಯಾನಿಕ್
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ